ಮನೆತನದ ಬಿಪಿ, ಗ್ರಂಥಿಯ ಬಿಪಿ



ವೈದ್ಯವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿ, ವೈದ್ಯರಲ್ಲದವರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಕರಾರು. ಅದಕ್ಕೆ ಒಪ್ಪಿ ನಾನು ಆರಿಸಿಕೊಂಡಿರುವ ವಿಷಯ ಬಿಪಿ. ಬಿಪಿಯ ಮೇಲಿನ ಭಾಷಣ ಉಪ್ಪು ಕಡಿಮೆ ಮಾಡಿ, ವಾಕಿಂಗ್ ಮಾಡಿ, ಮಾತ್ರೆ ಬಿಡಬೇಡಿ ಎಂಬ ಮೂರು ಮಾತಿಗೆ ಮುಗಿದುಹೋಗುತ್ತದೆ ಎಂದು ನೀವು ಅಂದುಕೊಂಡಿದ್ದರೆ ತಪ್ಪಿಲ್ಲ. ಆ ಮೂರೂ ಸರಿಯಾದ ಮಾತುಗಳೇ. ನಾನು ಇವತ್ತು ಹೇಳಹೊರಟಿರುವುದು ಆ ಮೂರನ್ನೂ ಪಾಲಿಸಿದ ಮೇಲೂ ಎಷ್ಟೋ ಸಲ ಜಗ್ಗದೆ ಕೂರುವ ಒಂದು ಬಗೆಯ ಬಿಪಿಯ ಕತೆ. ಅದರ ಮೂಲ ಅಲ್ಡೋಸ್ಟಿರೋನ್ ಎಂಬ ಒಂದೇ ಹಾರ್ಮೋನು. ವೈದ್ಯರು ಇದನ್ನು ಪ್ರೈಮರಿ ಅಲ್ಡೋಸ್ಟಿರೋನಿಸಂ ಎನ್ನುತ್ತಾರೆ. ಇದರಲ್ಲಿ ವಂಶದಿಂದ ಬರುವುದೂ ಇದೆ, ವಂಶಕ್ಕೆ ಸಂಬಂಧವೇ ಇಲ್ಲದೆ ಬರುವುದೂ ಇದೆ.

ಕ್ಲಿನಿಕ್ಕಿನಲ್ಲಿ ಕೂತ ಯಾವ ವೈದ್ಯರಿಗೂ ಕೇಳಿ ಕೇಳಿ ರೂಢಿಯಾದ ಮಾತೊಂದಿದೆ: “ನಮ್ಮ ತಂದೆಗೂ ಇತ್ತು ಡಾಕ್ಟ್ರೇ, ಅಜ್ಜಿಗೂ ಇತ್ತು. ಮನೆತನದಲ್ಲೇ ಬಂದಿರೋದು.” ಈ ಮಾತು ಬಿದ್ದೊಡನೆ ಎರಡೂ ಕಡೆ ಸಮಾಧಾನ. ರೋಗಿಗೆ ಕಾರಣ ಸಿಕ್ಕಿತು, ವೈದ್ಯರಿಗೆ ಹುಡುಕುವ ಕೆಲಸ ತಪ್ಪಿತು. ಇನ್ನೊಬ್ಬರು ಬಂದು, “ನಮ್ಮ ಮನೇಲಿ ಯಾರಿಗೂ ಇಲ್ಲ, ನನಗೆ ಟೆನ್ಷನ್‌ನಿಂದ ಬಂದಿರಬೇಕು” ಎನ್ನುತ್ತಾರೆ. ಅಲ್ಲಿಗೂ ವಿಚಾರಣೆ ಮುಗಿಯಿತು. ಇವೆರಡನ್ನೂ ನಾವು ಉತ್ತರ ಎಂದುಕೊಂಡುಬಿಟ್ಟಿದ್ದೇವೆ. ಕೇಳಬೇಕಾದ ಪ್ರಶ್ನೆ ಶುರುವಾಗುವುದೇ ಅಲ್ಲಿಂದ ಎಂಬುದು ನನ್ನ ವಾದ.

ಉಪ್ಪು ಹಿಡಿದಿಡುವ ಹಾರ್ಮೋನು

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ತೂಕ ತಲಾ ನಾಲ್ಕೈದು ಗ್ರಾಂ. ಅದರ ಹೊರಪದರದಲ್ಲಿ ಅಲ್ಡೋಸ್ಟಿರೋನ್ ತಯಾರಾಗುತ್ತದೆ. ಒಳಗಿನ ಪದರದಲ್ಲಿ ಕಾರ್ಟಿಸೋಲ್. ಅಲ್ಡೋಸ್ಟಿರೋನ್ ಮೂತ್ರಪಿಂಡಕ್ಕೆ ಹೇಳುವುದು ಮುಖ್ಯವಾಗಿ ಎರಡು ಮಾತು: ಸೋಡಿಯಂ ಉಳಿಸಿಕೋ, ಪೊಟ್ಯಾಸಿಯಂ ಹೊರಗೆ ಹಾಕು. ಸೋಡಿಯಂ ಉಳಿದರೆ ನೀರೂ ಉಳಿಯುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ.

ಆರೋಗ್ಯವಂತರಲ್ಲಿ ಇದಕ್ಕೊಂದು ಲಗಾಮಿದೆ. ಮೈಯಲ್ಲಿ ಉಪ್ಪು ನೀರು ಕಡಿಮೆಯಾದರೆ ಮೂತ್ರಪಿಂಡ ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ರೆನಿನ್‌ನಿಂದ ಆಂಜಿಯೋಟೆನ್ಸಿನ್, ಆಂಜಿಯೋಟೆನ್ಸಿನ್‌ನಿಂದ ಅಲ್ಡೋಸ್ಟಿರೋನ್. ಉಪ್ಪು ಸಾಕಷ್ಟಾದೊಡನೆ ರೆನಿನ್ ಇಳಿಯುತ್ತದೆ, ಅದರ ಹಿಂದೆಯೇ ಅಲ್ಡೋಸ್ಟಿರೋನೂ ಇಳಿಯಬೇಕು. ಕಾಯಿಲೆ ಇರುವವರಲ್ಲಿ ರೆನಿನ್ ನೆಲಕಚ್ಚಿದ್ದರೂ ಅಲ್ಡೋಸ್ಟಿರೋನ್ ಇಳಿಯುವುದಿಲ್ಲ. ಗ್ರಂಥಿ ಯಾರ ಮಾತನ್ನೂ ಕೇಳದೆ ತನ್ನಷ್ಟಕ್ಕೆ ಸುರಿಯುತ್ತಿರುತ್ತದೆ. ಈ ಕಾಯಿಲೆಯ ಗುರುತೇ ಅದು. ರಕ್ತದಲ್ಲಿ ಎರಡನ್ನೂ ಒಟ್ಟಿಗೆ ಅಳೆದು ಅನುಪಾತ ನೋಡಿದರೆ ಸುಳಿವು ಸಿಗುತ್ತದೆ.

ಅಲ್ಡೋಸ್ಟಿರೋನ್ ಒಂದೇ ಇಷ್ಟು ಹಾನಿ ಮಾಡುತ್ತದೆಯೇ ಎಂದರೆ, ಇಲ್ಲ. ಅದಕ್ಕೆ ಉಪ್ಪಿನ ಜೊತೆ ಬೇಕು. ಅಮೆಜಾನ್ ಕಾಡಿನ ಯಾನೊಮಾಮಿ ಜನರ ಊಟದಲ್ಲಿ ಉಪ್ಪೇ ಇಲ್ಲವೆನ್ನಬೇಕು. 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರ ಅಲ್ಡೋಸ್ಟಿರೋನ್ ಮಟ್ಟ ಬಹಳ ಹೆಚ್ಚಾಗಿತ್ತು. ಆದರೆ 1988ರ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಸರಾಸರಿ ಬಿಪಿ ಸುಮಾರು 95/61. ಅವರ ಗ್ರಂಥಿ ಇಲ್ಲದ ಉಪ್ಪನ್ನು ಉಳಿಸಲು ದುಡಿಯುತ್ತಿದೆ, ಅದು ನ್ಯಾಯವಾದ ದುಡಿಮೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಗಳ ನಡುವೆ ಬದುಕುವವರ ಗ್ರಂಥಿ ಅಷ್ಟೇ ದುಡಿದರೆ ಹೊಡೆತ ಬೀಳುವುದು ರಕ್ತನಾಳಕ್ಕೆ, ಹೃದಯಕ್ಕೆ, ಮೂತ್ರಪಿಂಡಕ್ಕೆ.

ಆ್ಯನ್ ಆರ್ಬರ್‌ನ ಒಬ್ಬ ರೋಗಿ

ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಲಂಡನ್ನಿನಲ್ಲಿ ಪತ್ತೆ ಹಚ್ಚಿದ ಈ ಹಾರ್ಮೋನನ್ನು ಬಾಸೆಲ್‌ನ ರೈಷ್‌ಸ್ಟೈನ್ ತಂಡದೊಂದಿಗೆ ಸೇರಿ ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1953ರಲ್ಲಿ. ಅದರ ಮರುವರ್ಷವೇ ಅಮೆರಿಕದ ಆ್ಯನ್ ಆರ್ಬರ್‌ನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ಅವರ ಬಳಿಗೆ 34 ವರ್ಷದ ಒಬ್ಬ ಮಹಿಳೆ ಬಂದರು. ಏಳು ವರ್ಷಗಳಿಂದ ಆಗಾಗ ಕಾಲಿನ ಶಕ್ತಿಯೇ ಉಡುಗಿಹೋಗುವುದು, ಸ್ನಾಯು ಸೆಟೆದುಕೊಳ್ಳುವುದು, ಜೊತೆಗೆ ಬಿಪಿ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ.

ಕಾನ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬೆವರನ್ನು ಕುರಿತು ಕೆಲಸ ಮಾಡಿದ್ದವರು. ಉಷ್ಣವಲಯಕ್ಕೆ ಹೋದ ಸೈನಿಕರ ಮೈ ಕೆಲವೇ ದಿನಗಳಲ್ಲಿ ಬೆವರಿನಲ್ಲಿ ಉಪ್ಪು ಹೋಗದಂತೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅಡ್ರಿನಲ್‌ನ ಯಾವುದೋ ಹಾರ್ಮೋನು ಇದರ ಹಿಂದಿದೆ ಎಂದು ಅವರಿಗೆ ಆಗಲೇ ಅನ್ನಿಸಿತ್ತು. ಈಗ ಈ ಮಹಿಳೆಯ ಬೆವರನ್ನೂ ಪರೀಕ್ಷೆಗೆ ಕಳಿಸಿದರು. ಮಿಶಿಗನ್‌ನ ಹವೆಯಲ್ಲಿದ್ದ ಆಕೆಯ ಬೆವರಿನಲ್ಲಿ ಉಪ್ಪು ತೀರ ಕಡಿಮೆಯಿತ್ತು. ಆಕೆಯನ್ನು ತಿಂಗಳುಗಟ್ಟಲೆ ವಾರ್ಡಿನಲ್ಲೇ ಇಟ್ಟುಕೊಂಡು ತಿಂದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಅಳೆದರು. ಅಕ್ಟೋಬರ್ 1954ರಲ್ಲಿ, ಶಸ್ತ್ರಚಿಕಿತ್ಸೆಗೂ ಮೊದಲೇ, ಕಾಯಿಲೆಗೆ ಹೆಸರಿಟ್ಟು ಸಭೆಯೊಂದರಲ್ಲಿ ಪ್ರಕಟಿಸಿದರು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸಕ ವಿಲಿಯಂ ಬಾಮ್ ಹೊಟ್ಟೆ ತೆರೆದಾಗ ಬಲಗಡೆಯ ಅಡ್ರಿನಲ್‌ನಲ್ಲಿ ನಾಲ್ಕು ಸೆಂಟಿಮೀಟರಿನ ಗೆಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಪೊಟ್ಯಾಸಿಯಂ ಸರಿಹೋಯಿತು, ಬಿಪಿ ಇಳಿಯಿತು. ಇದಕ್ಕೂ ಮೊದಲೇ, 1953ರಲ್ಲಿ, ಪೋಲೆಂಡಿನ ಮಿಖಾವ್ ಲಿಟಿನ್ಸ್ಕಿ ಇಂಥದೇ ರೋಗಿಗಳ ಬಗ್ಗೆ ಬರೆದಿದ್ದರು. ಅವರು ಬರೆದದ್ದು ಪೋಲಿಷ್ ಭಾಷೆಯಲ್ಲಾದ್ದರಿಂದ ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಹತ್ತು ವರ್ಷದ ನಂತರ ಕಾನ್, ಬಿಪಿ ಇರುವ ನೂರರಲ್ಲಿ ಇಪ್ಪತ್ತು ಜನರಿಗೆ ಈ ಕಾಯಿಲೆ ಇರಬಹುದು ಎಂದಾಗ ಸಮಕಾಲೀನರು ಒಪ್ಪಲಿಲ್ಲ. ನೂರಕ್ಕೆ ಒಂದೂ ಇಲ್ಲ ಎಂದು ವಾದಿಸಿದವರೇ ಗೆದ್ದರು, ಪಠ್ಯಪುಸ್ತಕಗಳಲ್ಲಿ ಆ ಲೆಕ್ಕವೇ ಉಳಿಯಿತು. ಪೊಟ್ಯಾಸಿಯಂ ಇಳಿದವರನ್ನು ಮಾತ್ರ ಹುಡುಕಿದ್ದರಿಂದ ಬಂದ ಲೆಕ್ಕ ಅದು. 1981ರಲ್ಲಿ ಜಪಾನಿನ ಹಿರಾಮತ್ಸು ತಂಡ ಅಲ್ಡೋಸ್ಟಿರೋನ್-ರೆನಿನ್ ಅನುಪಾತವನ್ನು ಬಳಕೆಗೆ ತಂದಿತು. ಆಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಿಚರ್ಡ್ ಗಾರ್ಡನ್ ಮತ್ತು ಮೈಕೆಲ್ ಸ್ಟೊವಾಸರ್ ಪೊಟ್ಯಾಸಿಯಂ ಸರಿಯಿದ್ದವರಲ್ಲೂ ಹುಡುಕಿದಾಗ ಸಂಖ್ಯೆ ಏರುತ್ತಲೇ ಹೋಯಿತು. ಇಟಲಿಯ ಟ್ಯೂರಿನ್‌ನಲ್ಲಿ ಸಾಮಾನ್ಯ ವೈದ್ಯರ ಬಳಿ ಬಂದ 1,672 ಬಿಪಿ ರೋಗಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 5.9 ಜನರಿಗೆ ಈ ಕಾಯಿಲೆ ಇತ್ತು. ಮೂರು ಬಗೆಯ ಮಾತ್ರೆ ತಿಂದರೂ ಬಿಪಿ ಇಳಿಯದವರಲ್ಲಿ ಇದು ಐವರಲ್ಲಿ ಒಬ್ಬರ ಆಸುಪಾಸಿಗೆ ಏರುತ್ತದೆ.

ಟೊರಾಂಟೋದ ಅಪ್ಪ ಮತ್ತು ಮಗ

ವಂಶದ ಪ್ರಶ್ನೆ ಎದ್ದದ್ದು ಕೆನಡಾದ ಟೊರಾಂಟೋದಲ್ಲಿ. 1966ರಲ್ಲಿ ಸದರ್ಲೆಂಡ್, ರೂಸ್ ಮತ್ತು ಲೇಡ್ಲಾ ಎಂಬ ಮೂವರು ವೈದ್ಯರು ಒಬ್ಬ ತಂದೆ ಮತ್ತು ಮಗನ ಬಗ್ಗೆ ಬರೆದರು. ಇಬ್ಬರಿಗೂ ಬಿಪಿ, ಅಲ್ಡೋಸ್ಟಿರೋನ್ ಹೆಚ್ಚು, ರೆನಿನ್ ಕಡಿಮೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಅಲ್ಡೋಸ್ಟಿರೋನ್ ಇಳಿಯಿತು, ಬಿಪಿಯೂ ಇಳಿಯಿತು. ಇದು ಬಿಡಿಸಲಾಗದ ಒಗಟಾಗಿತ್ತು. ಡೆಕ್ಸಾಮೆಥಾಸೋನ್ ತಡೆಯುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಸಿಟಿಎಚ್ ಹಾರ್ಮೋನನ್ನು. ಎಸಿಟಿಎಚ್ ಮುಖ್ಯವಾಗಿ ನಡೆಸುವುದು ಕಾರ್ಟಿಸೋಲ್‌ನ ಕೆಲಸವನ್ನು. ಅದನ್ನು ನಿಲ್ಲಿಸಿದರೆ ಅಲ್ಡೋಸ್ಟಿರೋನ್ ಏಕೆ ನಿಲ್ಲಬೇಕು?

ಉತ್ತರಕ್ಕೆ 26 ವರ್ಷ ಕಾಯಬೇಕಾಯಿತು. 1992ರಲ್ಲಿ ರಿಚರ್ಡ್ ಲಿಫ್ಟನ್ ಮತ್ತು ಸಹೋದ್ಯೋಗಿಗಳು ಅದನ್ನು ಬಿಡಿಸಿದರು. ನಮ್ಮ ಎಂಟನೆಯ ವರ್ಣತಂತುವಿನಲ್ಲಿ ಎರಡು ವಂಶವಾಹಿಗಳು ಅಕ್ಕಪಕ್ಕದಲ್ಲಿವೆ. ಒಂದು ಸಿವೈಪಿ11ಬಿ1, ಅದು ಕಾರ್ಟಿಸೋಲ್ ತಯಾರಿಸುವ ಕೊನೆಯ ಹಂತದ ಕಿಣ್ವವನ್ನು ಕೊಡುತ್ತದೆ, ಎಸಿಟಿಎಚ್ ಹೇಳಿದಂತೆ ನಡೆಯುತ್ತದೆ. ಇನ್ನೊಂದು ಸಿವೈಪಿ11ಬಿ2, ಅಲ್ಡೋಸ್ಟಿರೋನ್ ತಯಾರಿಸುವ ಕಿಣ್ವದ್ದು, ಆಂಜಿಯೋಟೆನ್ಸಿನ್ ಮತ್ತು ಪೊಟ್ಯಾಸಿಯಂ ಹೇಳಿದಂತೆ ನಡೆಯುವಂಥದು. ಎರಡರ ಬರವಣಿಗೆ ನೂರಕ್ಕೆ 95ರಷ್ಟು ಒಂದೇ. ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ಪಕ್ಕಪಕ್ಕ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಎರಡು ವಂಶವಾಹಿಗಳು ಇಷ್ಟು ಹೋಲುವುದರಿಂದ ಎಂದೋ ಒಮ್ಮೆ ಜೋಡಣೆ ತಪ್ಪಿ, ಮೊದಲನೆಯದರ ನಿಯಂತ್ರಣ ಭಾಗಕ್ಕೆ ಎರಡನೆಯದರ ಉತ್ಪಾದಕ ಭಾಗ ಬೆಸೆದುಹೋಯಿತು. ಅಕ್ಕಪಕ್ಕದ ಎರಡು ಮನೆಗಳ ವೈರಿಂಗ್ ಕಲೆತು, ಪಕ್ಕದ ಮನೆಯವರು ಸ್ವಿಚ್ ಒತ್ತಿದಾಗಲೆಲ್ಲ ನಮ್ಮ ಮನೆಯ ಪಂಪು ಓಡಿದ ಹಾಗೆ. ಎಸಿಟಿಎಚ್ ಬಂದಾಗಲೆಲ್ಲ ಕಾರ್ಟಿಸೋಲ್ ಪದರದಲ್ಲೂ ಅಲ್ಡೋಸ್ಟಿರೋನ್ ತಯಾರು. ಡೆಕ್ಸಾಮೆಥಾಸೋನ್ ಕೊಟ್ಟು ಎಸಿಟಿಎಚ್ ತಗ್ಗಿಸಿದರೆ ಅದೂ ಬಂದ್.

ಇದನ್ನು ಈಗ ಕುಟುಂಬಗತ ಅಲ್ಡೋಸ್ಟಿರೋನಿಸಂನ ಮೊದಲನೆಯ ವಿಧ ಎನ್ನುತ್ತಾರೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಐವತ್ತು. ಗಂಡು ಹೆಣ್ಣೆಂಬ ಭೇದವಿಲ್ಲ. ಹುಟ್ಟಿನಿಂದಲೇ ಮೈಯ ಪ್ರತಿ ಜೀವಕೋಶದಲ್ಲೂ ಈ ಬೆಸುಗೆ ಇರುವುದರಿಂದ ಬಿಪಿ ಬಾಲ್ಯದಲ್ಲೋ ಹರೆಯದಲ್ಲೋ ಕಾಣಿಸಿಕೊಳ್ಳುತ್ತದೆ. ವಿಚಿತ್ರವೆಂದರೆ ಇವರಲ್ಲಿ ಬಹಳ ಜನರ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ. ಅದೊಂದನ್ನೇ ನಂಬಿ ಕೂತರೆ ಕಾಯಿಲೆ ಕೈತಪ್ಪುತ್ತದೆ. ಇವರಿಗಿರುವ ದೊಡ್ಡ ಅಪಾಯ ಮೆದುಳಿನ ರಕ್ತಸ್ರಾವ. 27 ಕುಟುಂಬಗಳನ್ನು ಪರಿಶೀಲಿಸಿದ 1998ರ ವರದಿಯೊಂದರಲ್ಲಿ ಈ ಬೆಸುಗೆ ಇದ್ದವರ ಪೈಕಿ ನೂರಕ್ಕೆ 18 ಜನರಿಗೆ ಮೆದುಳಿನ ರಕ್ತನಾಳದ ಆಘಾತವಾಗಿತ್ತು. ಆಗ ಅವರ ಸರಾಸರಿ ವಯಸ್ಸು 32. ನಮ್ಮಲ್ಲಿ ಯಾರಾದರೂ, “ನಮ್ಮ ಚಿಕ್ಕಪ್ಪ ಮೂವತ್ತಕ್ಕೇ ಲಕ್ವ ಹೊಡೆದು ಹೋದರು” ಎಂದರೆ ಅದನ್ನು ಮನೆಯ ದುಃಖದ ಕತೆ ಎಂದು ಕೇಳಿ ಸುಮ್ಮನಾಗುವ ಹಾಗಿಲ್ಲ. ವೈದ್ಯರ ಪಾಲಿಗೆ ಅದು ರೋಗನಿರ್ಣಯದ ಸುಳಿವು.

ಎಲ್ಲ ಕುಟುಂಬಗಳೂ ಒಂದೇ ಬಗೆಯಲ್ಲ

ಬ್ರಿಸ್ಬೇನ್‌ನ ಗಾರ್ಡನ್ ಮತ್ತು ಸ್ಟೊವಾಸರ್ 1990ರ ದಶಕದ ಆರಂಭದಲ್ಲಿ ಇನ್ನೊಂದು ಬಗೆಯ ಕುಟುಂಬಗಳನ್ನು ಗುರುತಿಸಿದರು. ಡೆಕ್ಸಾಮೆಥಾಸೋನ್‌ಗೆ ಇವರು ಬಗ್ಗಲಿಲ್ಲ. ಎದುರಿಗೆ ಕೂರಿಸಿಕೊಂಡು ನೋಡಿದರೆ ವಂಶದ ಹಿನ್ನೆಲೆ ಇಲ್ಲದ ರೋಗಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ. ಅಣ್ಣತಮ್ಮಂದಿರಲ್ಲೂ ಇದೆ ಎಂಬುದಷ್ಟೇ ಹೆಚ್ಚುವರಿ. ಇದು ಎರಡನೆಯ ವಿಧವಾಯಿತು. ಅದರ ಕಾರಣ ಸಿಕ್ಕಿದ್ದು 2018ರಲ್ಲಿ. ಸಿಎಲ್‌ಸಿಎನ್2 ಎಂಬ ಕ್ಲೋರೈಡ್ ಚಾನೆಲ್‌ನ, ಅಂದರೆ ಜೀವಕೋಶದ ಪೊರೆಯ ದ್ವಾರವೊಂದರ, ವಂಶವಾಹಿಯಲ್ಲಿನ ದೋಷವನ್ನು ಎರಡು ತಂಡಗಳು ಒಟ್ಟಿಗೆ ಪ್ರಕಟಿಸಿದವು. ಮೊದಲು ವರ್ಣಿಸಿದ್ದ ಆ ಆಸ್ಟ್ರೇಲಿಯಾದ ಕುಟುಂಬದಲ್ಲೂ ಅದೇ ದೋಷವಿತ್ತು. ದೋಷ ಹೊತ್ತವರೆಲ್ಲರಿಗೂ ಕಾಯಿಲೆ ಒಂದೇ ತೀವ್ರತೆಯಲ್ಲಿ ಬರುವುದಿಲ್ಲ ಎಂಬುದೂ ತಿಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿಪಿ ಇರುವ ಹದಿನೇಳು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ, ಒಂದು ದೊಡ್ಡ ಕುಟುಂಬದಲ್ಲಿ ಇಬ್ಬರಿಗೆ ಆಕಸ್ಮಿಕವಾಗಿಯೇ ಬರಬಹುದು. ಒಂದೇ ಮನೆಯ ಇಬ್ಬರು ಎಂದ ಮಾತ್ರಕ್ಕೆ ವಂಶವಾಹಿಯ ಕೈವಾಡ ಎನ್ನಲಾಗದು. ಒಂದೇ ಮನೆಯವರು ಒಂದೇ ಅಡುಗೆ ಉಣ್ಣುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಸಿಎಲ್‌ಸಿಎನ್2 ಪರೀಕ್ಷೆ ಮಾಡಿದರೂ ಏನೂ ಸಿಗದ ಕುಟುಂಬಗಳು ಇನ್ನೂ ಇವೆ.

ಮೂರನೆಯ ವಿಧಕ್ಕೆ ಆಮೇಲೆ ಬರುತ್ತೇನೆ. ನಾಲ್ಕನೆಯ ವಿಧದ ಕಾರಣ 2015ರಲ್ಲಿ ಗೊತ್ತಾಯಿತು: ಸಿಎಸಿಎನ್‌ಎ1ಎಚ್ ಎಂಬ ಕ್ಯಾಲ್ಸಿಯಂ ಚಾನೆಲ್. ಹತ್ತು ವರ್ಷದೊಳಗಿನ ಮಕ್ಕಳಲ್ಲೇ ಬಿಪಿ ತರುವ ದೋಷ ಇದು. ಇದರ ಬಂಧುವಾದ ಸಿಎಸಿಎನ್‌ಎ1ಡಿ ಚಾನೆಲ್ ಕೆಟ್ಟರೆ ಅಲ್ಡೋಸ್ಟಿರೋನ್ ಜೊತೆಗೆ ಫಿಟ್ಸ್ ಮತ್ತು ನರಗಳ ತೊಂದರೆಯೂ ಬರುತ್ತದೆ, ಬಹಳ ಅಪರೂಪ. ಇವೆಲ್ಲವನ್ನೂ ಕೂಡಿಸಿದರೂ ವಂಶದಿಂದ ಬಂದದ್ದು ಒಟ್ಟು ಅಲ್ಡೋಸ್ಟಿರೋನಿಸಂನಲ್ಲಿ ನೂರಕ್ಕೆ ಹೆಚ್ಚೆಂದರೆ ಐದಾರು. ಉಳಿದವರಿಗೆ ಅಪ್ಪ ಅಮ್ಮಂದಿರಿಂದ ಬಂದದ್ದಲ್ಲ.

ಒಂದೇ ತಪ್ಪು, ಎರಡು ಜಾಗ

ಮೂರನೆಯ ವಿಧವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ವಂಶದ್ದು ಮತ್ತು ವಂಶದ್ದಲ್ಲದ್ದು ಎಂಬ ಎರಡು ದಾರಿಗಳು ಕೂಡುವುದು ಇಲ್ಲಿ.

2008ರಲ್ಲಿ ಒಂದು ಕುಟುಂಬದ ವಿವರ ಪ್ರಕಟವಾಯಿತು. ತಂದೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಮೂವರಿಗೂ ಬಾಲ್ಯದಲ್ಲೇ ಯಾವ ಮಾತ್ರೆಗೂ ಬಗ್ಗದ ಬಿಪಿ. ಅಡ್ರಿನಲ್ ಗ್ರಂಥಿಗಳು ಊದಿಕೊಂಡು ಮಾಮೂಲಿನ ಎಷ್ಟೋ ಪಟ್ಟು ಬೆಳೆದಿದ್ದವು. ಕೊನೆಗೆ ಮೂವರಿಗೂ ಎರಡೂ ಗ್ರಂಥಿಗಳನ್ನು ತೆಗೆಯಬೇಕಾಯಿತು. ಹೀಗೆ ತೆಗೆದ ಮೇಲೆ ಜೀವನಪೂರ್ತಿ ಹಾರ್ಮೋನ್ ಮಾತ್ರೆಗಳ ಮೇಲೇ ಬದುಕಬೇಕು.

2011ರಲ್ಲಿ ಲಿಫ್ಟನ್ ಅವರ ತಂಡ ಬೇರೆಯದೇ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸುತ್ತಿತ್ತು. ಇವರು ವಂಶದ ಹಿನ್ನೆಲೆಯಿಲ್ಲದ, ಕಾನ್ ಅವರ ರೋಗಿಯಂಥ ರೋಗಿಗಳು. ಒಟ್ಟು 22 ಗೆಡ್ಡೆಗಳಲ್ಲಿ ಎಂಟರಲ್ಲಿ ಕೆಸಿಎನ್‌ಜೆ5 ಎಂಬ ಪೊಟ್ಯಾಸಿಯಂ ಚಾನೆಲ್‌ನ ವಂಶವಾಹಿ ಕೆಟ್ಟಿತ್ತು. ಅದೇ ರೋಗಿಗಳ ರಕ್ತದಲ್ಲಿ ಅದು ಸರಿಯಾಗಿತ್ತು. ಅಂದರೆ ತಪ್ಪು ಹುಟ್ಟಿನಿಂದ ಬಂದದ್ದಲ್ಲ. ಎಂದೋ ಒಂದು ದಿನ ಅಡ್ರಿನಲ್‌ನ ಒಂದು ಜೀವಕೋಶ ಎರಡಾಗುವಾಗ ನಕಲಿನಲ್ಲಿ ಒಂದು ಅಕ್ಷರ ತಪ್ಪಿ, ಆ ಕೋಶದ ಸಂತತಿಯೆಲ್ಲ ಗೆಡ್ಡೆಯಾಗಿ ಬೆಳೆದದ್ದು. ಈ ಸುಳಿವು ಹಿಡಿದು ಅವರು 2008ರ ಆ ತಂದೆ ಮಕ್ಕಳ ರಕ್ತವನ್ನು ನೋಡಿದರು. ಅದೇ ವಂಶವಾಹಿ, ಅದೇ ಚಾನೆಲ್‌ನ ಅದೇ ಭಾಗದ ಹತ್ತಿರ ದೋಷ. ಆದರೆ ಇವರಲ್ಲಿ ಅದು ಮೈಯ ಪ್ರತಿ ಜೀವಕೋಶದಲ್ಲೂ ಇತ್ತು.

ಆ ಚಾನೆಲ್ ಮಾಡುವ ಕೆಲಸ ನೋಡಿ. ಜೀವಕೋಶದ ಪೊರೆಯಲ್ಲಿರುವ ಈ ದ್ವಾರ ಪೊಟ್ಯಾಸಿಯಂ ಅನ್ನು ಮಾತ್ರ ಬಿಡಬೇಕು, ಸೋಡಿಯಂ ಅನ್ನು ಬಿಡಬಾರದು. ಕೆಟ್ಟ ದ್ವಾರ ಸೋಡಿಯಂ ಅನ್ನೂ ಒಳಗೆ ಬಿಡುತ್ತದೆ. ಕೋಶದ ಒಳಗಿನ ವಿದ್ಯುತ್ ಮಟ್ಟ ಬದಲಾಗುತ್ತದೆ, ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ, ಒಳನುಗ್ಗಿದ ಕ್ಯಾಲ್ಸಿಯಂ ಅಲ್ಡೋಸ್ಟಿರೋನ್ ತಯಾರಿಕೆಗೆ ಅಪ್ಪಣೆ ಕೊಡುತ್ತದೆ. ಕ್ಲೋರೈಡ್ ಚಾನೆಲ್ ಕೆಟ್ಟರೂ, ಕ್ಯಾಲ್ಸಿಯಂ ಚಾನೆಲ್ ಕೆಟ್ಟರೂ ಕೊನೆಗೆ ಇದೇ ಕ್ಯಾಲ್ಸಿಯಂ ಹಾದಿಗೆ ಬಂದು ಸೇರುತ್ತದೆ. ಬೆಸುಗೆಯ ಮೊದಲನೆಯ ವಿಧ ಮಾತ್ರ ಬೇರೆ ಹಾದಿಯದು.

ಮರುವರ್ಷ, 2012ರಲ್ಲಿ, ಇದಕ್ಕಿಂತ ಸ್ವಾರಸ್ಯದ ಸಂಗತಿ ಹೊರಬಂತು. ಇದೇ ಚಾನೆಲ್‌ನ 151ನೆಯ ಸ್ಥಾನದಲ್ಲಿ ಎರಡು ಬೇರೆ ಬೇರೆ ದೋಷಗಳು ಎರಡು ಬಗೆಯ ಕುಟುಂಬಗಳಲ್ಲಿ ಸಿಕ್ಕವು. ಒಂದು ದೋಷವಿದ್ದವರಿಗೆ ಗ್ರಂಥಿ ಊದಿ, ಬಿಪಿ ಉಲ್ಬಣಿಸಿ, ಎರಡೂ ಗ್ರಂಥಿ ತೆಗೆಯುವ ಸ್ಥಿತಿ. ಇನ್ನೊಂದರಲ್ಲಿ ಗ್ರಂಥಿ ಮಾಮೂಲಿ ಗಾತ್ರದ್ದೇ. ಬಿಪಿಯೂ ಮಾತ್ರೆಗೆ ಬಗ್ಗುವಂಥದು. ಪ್ರಯೋಗಾಲಯದಲ್ಲಿ ನೋಡಿದರೆ ಸೋಡಿಯಂ ಹೆಚ್ಚು ಸೋರುತ್ತಿದ್ದದ್ದು ಈ ಸೌಮ್ಯ ಕಾಯಿಲೆಯ ದೋಷದಲ್ಲೇ! ಸೋರಿಕೆ ಅತಿಯಾಗಿ ಜೀವಕೋಶಗಳೇ ಸಾಯುತ್ತಿದ್ದವು. ಸತ್ತ ಕೋಶ ಹೆಚ್ಚಾಗಲಾರದು, ಗ್ರಂಥಿ ಊದಲಾರದು. ದೋಷ ಹೆಚ್ಚು ಕ್ರೂರವಾದಷ್ಟೂ ರೋಗಿಗೆ ಅದು ಹಗುರ ಎಂಬ ಈ ಲೆಕ್ಕ ಯಾರೂ ಊಹಿಸಿರದ್ದು.

ಗ್ರಂಥಿಯಲ್ಲೇ ಹುಟ್ಟುವ ತಪ್ಪು

ಕೆಸಿಎನ್‌ಜೆ5 ದೋಷ ಗೆಡ್ಡೆಗಳಲ್ಲಿ ಸಾಮಾನ್ಯ. ಹೆಂಗಸರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು. ಜಪಾನ್, ಚೀನಾ ಮುಂತಾದ ಪೂರ್ವ ಏಷ್ಯಾದ ದೇಶಗಳಲ್ಲಿ ಗೆಡ್ಡೆಗಳ ಮುಕ್ಕಾಲು ಪಾಲಿನ ಹತ್ತಿರಕ್ಕೆ ಬರುತ್ತದೆ. 2013ರಲ್ಲಿ ಎಟಿಪಿ1ಎ1, ಎಟಿಪಿ2ಬಿ3, ಸಿಎಸಿಎನ್‌ಎ1ಡಿ ವಂಶವಾಹಿಗಳ ದೋಷಗಳೂ ಈ ಸಾಲಿಗೆ ಸೇರಿದವು. ಅಲ್ಡೋಸ್ಟಿರೋನ್ ತಯಾರಿಸುವ ಕಿಣ್ವಕ್ಕೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಅಮೆರಿಕದ ಸೆಲ್ಸೊ ಗೊಮೆಜ್-ಸಾಂಚೆಜ್ ತಯಾರಿಸಿಕೊಟ್ಟ ಮೇಲೆ, ಗೆಡ್ಡೆಯ ಯಾವ ಭಾಗ ನಿಜವಾಗಿ ಹಾರ್ಮೋನು ತಯಾರಿಸುತ್ತಿದೆ ಎಂದು ಬಣ್ಣ ಹಾಕಿ ನೋಡಿ, ಅಷ್ಟನ್ನೇ ಕತ್ತರಿಸಿ ಓದುವುದು ಸಾಧ್ಯವಾಯಿತು. ಹಾಗೆ ಓದಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಗೆಡ್ಡೆಗಳಲ್ಲಿ ಇಂಥ ಒಂದಲ್ಲ ಒಂದು ದೋಷ ಸಿಗುತ್ತದೆ.

ಇದೇ ಬಣ್ಣವನ್ನು ಬಿಪಿಯೇ ಇಲ್ಲದವರ ಅಡ್ರಿನಲ್‌ಗಳಿಗೆ ಹಾಕಿ ನೋಡಿದವರು ಜಪಾನಿನ ನಿಶಿಮೊಟೊ ಮತ್ತು ಸಂಗಡಿಗರು. ಅಲ್ಲೂ ಅಲ್ಲಲ್ಲಿ ಅಲ್ಡೋಸ್ಟಿರೋನ್ ತಯಾರಿಸುವ ಪುಟ್ಟ ಕೋಶಗುಚ್ಛಗಳು! ಅವುಗಳಲ್ಲೂ ದೋಷಗಳು! ಚಿಕ್ಕ ವಯಸ್ಸಿನಲ್ಲಿ ಹೊರಪದರ ಪೂರ್ತಿಯಾಗಿ, ಎಡೆಬಿಡದೆ ಅಲ್ಡೋಸ್ಟಿರೋನ್ ತಯಾರಿಸುತ್ತಿರುತ್ತದೆ. ವಯಸ್ಸಾದಂತೆ ಆ ಪದರ ಬತ್ತಿ ಈ ಗುಚ್ಛಗಳು ಉಳಿಯುತ್ತವೆ, ಬೆಳೆಯುತ್ತವೆ. ಎರಡೂ ಗ್ರಂಥಿಗಳಿಂದ ಹಾರ್ಮೋನು ಸುರಿಯುವ ರೋಗಿಗಳ ಗ್ರಂಥಿಗಳಲ್ಲಿ ಈ ಗುಚ್ಛಗಳು ಹೆಚ್ಚಿರುತ್ತವೆ, ಹೆಚ್ಚಿನವುಗಳಲ್ಲಿ ಸಿಎಸಿಎನ್‌ಎ1ಡಿ ದೋಷವಿರುತ್ತದೆ ಎಂಬುದೂ 2018ರ ಹೊತ್ತಿಗೆ ತಿಳಿಯಿತು. ವಯಸ್ಸಾದಂತೆ ಬಿಪಿ ಬರುವುದು ಸಹಜ ಎಂದು ನಾವು ಹೇಳಿಕೊಂಡು ಬಂದಿರುವ ಮಾತಿಗೆ ಇದೂ ಒಂದು ಕಾರಣವಾಗಿರಬಹುದು.

ಗ್ರಂಥಿಯಲ್ಲಿ ಹುಟ್ಟಿದ ದೋಷ ಎಷ್ಟೋ ವರ್ಷ ಮಲಗಿದ್ದು ಜೀವನದ ಒಂದು ಘಟ್ಟದಲ್ಲಿ ಏಳುವುದೂ ಉಂಟು. ಬ್ರಿಟನ್ನಿನ ಮಾರಿಸ್ ಬ್ರೌನ್ ಅವರ ತಂಡ 2015ರಲ್ಲಿ ಮತ್ತು 2021ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದಿದೆ. ಕೆಲವು ಗೆಡ್ಡೆಗಳ ಕೋಶಗಳ ಮೇಲೆ ಗರ್ಭಧಾರಣೆಯ ಹಾರ್ಮೋನಾದ ಎಚ್‌ಸಿಜಿಯನ್ನು ಗುರುತಿಸುವ ಗ್ರಾಹಿಗಳು ವಿಪರೀತವಾಗಿ ಬೆಳೆದಿದ್ದವು. ಮಹಿಳೆ ಬಸಿರಾದ ಮೊದಲ ತಿಂಗಳುಗಳಲ್ಲಿ ಎಚ್‌ಸಿಜಿ ಏರಿದಾಗ ಗೆಡ್ಡೆ ಎಚ್ಚರಗೊಂಡು ಬಿಪಿ ಒಮ್ಮೆಗೇ ಜಿಗಿದಿತ್ತು. ಬಸುರಿಯ ಬಿಪಿ ಎಂದೊಡನೆ ಎಲ್ಲವನ್ನೂ ಬಸಿರಿನ ಲೆಕ್ಕಕ್ಕೇ ಬರೆಯಬಾರದು, ವಿಶೇಷವಾಗಿ ಅದು ಮೊದಲ ಮೂರು ತಿಂಗಳಲ್ಲೇ ಬಂದಾಗ.

ಈ ಭೇದದಿಂದ ರೋಗಿಗೇನು ಲಾಭ?

ಕಾರಣ ಬಹಳ ಸಲ ಒಂದೇ ಚಾನೆಲ್ ಎಂದಮೇಲೆ ವಂಶದ್ದೋ ಅಲ್ಲವೋ ಎಂದು ವಿಂಗಡಿಸುವುದೇಕೆ? ಮೂರು ಕಾರಣಗಳಿಗೆ.

ಮೊದಲನೆಯದು ಚಿಕಿತ್ಸೆ. ದೋಷ ಒಂದು ಗ್ರಂಥಿಯ ಗೆಡ್ಡೆಯಲ್ಲಷ್ಟೇ ಇದ್ದರೆ ಲ್ಯಾಪರೊಸ್ಕೋಪಿಯಲ್ಲಿ ಆ ಗ್ರಂಥಿಯನ್ನು ತೆಗೆದುಬಿಡಬಹುದು. 2017ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ನೋಡಿದಾಗ ಹೀಗೆ ಶಸ್ತ್ರಚಿಕಿತ್ಸೆಯಾದ ನೂರರಲ್ಲಿ 94 ಜನರ ಹಾರ್ಮೋನು ಸರಿಹೋಗಿತ್ತು. 37 ಜನ ಮಾತ್ರೆಯಿಂದಲೇ ಬಿಡುಗಡೆ ಪಡೆದಿದ್ದರು, ಇನ್ನೂ 47 ಜನರ ಬಿಪಿ ಸುಧಾರಿಸಿತ್ತು. ಯಾವ ಕಡೆಯ ಗ್ರಂಥಿ ತಪ್ಪಿತಸ್ಥ ಎಂದು ತಿಳಿಯಲು ಸ್ಕ್ಯಾನ್ ಒಂದೇ ಸಾಲದು. ತೊಡೆಯ ಸಂದಿಯಿಂದ ಸಣ್ಣ ನಳಿಕೆ ತೂರಿಸಿ ಎರಡೂ ಅಡ್ರಿನಲ್‌ಗಳ ರಕ್ತವನ್ನು ಬೇರೆಬೇರೆಯಾಗಿ ತೆಗೆದು ಹೋಲಿಸಬೇಕು. ಬಲಗಡೆಯ ನಾಳ ಗಿಡ್ಡ, ನೇರವಾಗಿ ದೊಡ್ಡ ರಕ್ತನಾಳಕ್ಕೆ ಸೇರುವಂಥದು. ಪಳಗಿದ ಕೈಗೂ ತಪ್ಪಿಹೋಗುತ್ತದೆ. ಆದರೆ ದೋಷ ವಂಶದ್ದಾದರೆ ಎರಡೂ ಗ್ರಂಥಿಗಳಲ್ಲಿ ಇರುತ್ತದೆ. ಒಂದನ್ನು ತೆಗೆದು ಪ್ರಯೋಜನವಿಲ್ಲ. ಅಲ್ಲಿ ಮಾತ್ರೆಯೇ ಮೊದಲ ದಾರಿ: ಬೆಸುಗೆಯ ವಿಧಕ್ಕೆ ಸಣ್ಣ ಪ್ರಮಾಣದ ಸ್ಟೀರಾಯ್ಡ್, ಉಳಿದವುಗಳಿಗೆ ಸ್ಪೈರನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ಸ್ಪೈರನೊಲ್ಯಾಕ್ಟೋನ್ ಹಳೆಯ, ಅಗ್ಗದ ಮಾತ್ರೆ. ಗಂಡಸರಿಗೆ ಎದೆ ಊದುವ ತೊಂದರೆ ಕೊಡಬಹುದು. ಹಾಗಾದಾಗ ಎಪ್ಲೆರಿನೋನ್‌ಗೆ ಬದಲಿಸಬಹುದು.

ಎರಡನೆಯದು ಬಂಧುಗಳು. ಗೆಡ್ಡೆಯ ದೋಷ ರೋಗಿಯ ಜೊತೆಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಈ ಮಾತನ್ನು ರೋಗಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಗೆಡ್ಡೆ ಎಂದು ಕೇಳಿದ ತಾಯಿ ಮೊದಲು ಯೋಚಿಸುವುದು ತನ್ನ ಮಗಳ ಬಗ್ಗೆ. ವಂಶದ ದೋಷ ಸಿಕ್ಕರೆ ವೈದ್ಯರ ಕರ್ತವ್ಯ ಆ ರೋಗಿಗೆ ನಿಲ್ಲುವುದಿಲ್ಲ. ಅಣ್ಣ, ತಂಗಿ, ಮಕ್ಕಳನ್ನೂ ಕರೆಸಿ ಪರೀಕ್ಷಿಸಬೇಕು. ಮೂವತ್ತರಲ್ಲಿ ಮೆದುಳಿನ ರಕ್ತಸ್ರಾವವಾಗುವುದನ್ನು ಹತ್ತರಲ್ಲಿ ಹಿಡಿದರೆ ತಡೆಯಬಹುದು.

ಮೂರನೆಯದು ಯಾರಿಗೆ ವಂಶವಾಹಿ ಪರೀಕ್ಷೆ ಬೇಕು ಎಂಬ ವಿವೇಕ. ಎಲ್ಲರಿಗೂ ಬೇಡ. ಅಲ್ಡೋಸ್ಟಿರೋನಿಸಂ ಖಚಿತವಾಗಿದ್ದು, ಇಪ್ಪತ್ತು ವರ್ಷದೊಳಗೆ ಶುರುವಾಗಿದ್ದರೆ, ಅಥವಾ ಬಂಧುಗಳಲ್ಲಿ ಇದೇ ಕಾಯಿಲೆಯೋ ನಲವತ್ತರೊಳಗೆ ಪಾರ್ಶ್ವವಾಯುವೋ ಆಗಿದ್ದರೆ ಪರೀಕ್ಷಿಸಬೇಕು. ಪರೀಕ್ಷೆಗೆ ಬರೆದುಕೊಡುವಾಗ ಮೊದಲನೆಯ ವಿಧದ ಬೆಸುಗೆಯನ್ನು ಪ್ರತ್ಯೇಕವಾಗಿ ಹುಡುಕಲು ಹೇಳಬೇಕು. ಅಕ್ಷರಗಳನ್ನು ಬಿಡಿಬಿಡಿಯಾಗಿ ಓದುವ ಸಾಮಾನ್ಯ ಪರೀಕ್ಷೆಗಳಲ್ಲಿ ಎರಡು ವಂಶವಾಹಿಗಳ ಬೆಸುಗೆ ತಪ್ಪಿಹೋಗಬಹುದು.

ಕೊನೆಯದಾಗಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ನಮ್ಮ ದೇಶದಲ್ಲಿ ನೂರಕ್ಕೆ 35.5 ವಯಸ್ಕರಿಗೆ, ಅಂದರೆ 31.5 ಕೋಟಿ ಜನರಿಗೆ ಬಿಪಿ ಇದೆ. ಟ್ಯೂರಿನ್‌ನ ಪ್ರಮಾಣದ ಅರ್ಧವನ್ನು ಹಿಡಿದರೂ ಈ ಹಾರ್ಮೋನಿನ ಕಾಯಿಲೆಯವರು ತೊಂಬತ್ತು ಲಕ್ಷ ದಾಟುತ್ತಾರೆ. ಅವರಲ್ಲಿ ಬಹುತೇಕರಿಗೆ ತಮಗಿದು ಇದೆ ಎಂದೇ ಗೊತ್ತಿಲ್ಲ. ಬಿಪಿಯ ಮಟ್ಟ ಒಂದೇ ಇದ್ದರೂ ಅಲ್ಡೋಸ್ಟಿರೋನ್ ಹೆಚ್ಚಿರುವವರಿಗೆ ಪಾರ್ಶ್ವವಾಯು, ಹೃದಯಾಘಾತ, ಹೃದಯದ ಬಡಿತ ತಪ್ಪುವುದು ಹೆಚ್ಚು ಎಂದು 2005ರಲ್ಲೇ ಫ್ರಾನ್ಸಿನ ಅಧ್ಯಯನ ತೋರಿಸಿತ್ತು. ಯುರೋಪಿನ ಹೃದ್ರೋಗ ಸಂಘ 2024ರಲ್ಲಿ, ಅಮೆರಿಕದ ಎಂಡೊಕ್ರೈನ್ ಸೊಸೈಟಿ 2025ರಲ್ಲಿ, ಬಿಪಿ ಖಚಿತವಾದ ವಯಸ್ಕರೆಲ್ಲರಲ್ಲೂ ಈ ಕಾಯಿಲೆಯನ್ನು ಹುಡುಕುವ ಕಡೆಗೆ ಸಲಹೆ ನೀಡಿವೆ. ಕಾನ್ ಹೇಳಿದ್ದನ್ನು ತಳ್ಳಿಹಾಕಿದ ಅರುವತ್ತು ವರ್ಷಗಳ ಮೇಲೆ ವೈದ್ಯಲೋಕ ಅವರ ಹತ್ತಿರಕ್ಕೆ ಮರಳಿದೆ.

ನಿಮ್ಮಲ್ಲಿ ನನ್ನ ವಿನಂತಿ ಸ್ಪಷ್ಟವಾಗಿದೆ. ಬಿಪಿಗೆ ಮೂರು ಬಗೆಯ ಮಾತ್ರೆ ತಿಂದರೂ ಇಳಿಯದಿದ್ದರೆ, ನಲವತ್ತಕ್ಕೆ ಮೊದಲೇ ಬಿಪಿ ಬಂದಿದ್ದರೆ, ಪೊಟ್ಯಾಸಿಯಂ ಕಡಿಮೆ ಎಂದು ವರದಿ ಬಂದಿದ್ದರೆ, ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಂಟು ಎಂದು ಬರೆದಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಲಕ್ವ ಹೊಡೆದಿದ್ದರೆ, ನಿಮ್ಮ ವೈದ್ಯರನ್ನು ಕೇಳಿ: “ನನ್ನ ಅಲ್ಡೋಸ್ಟಿರೋನ್, ರೆನಿನ್ ನೋಡೋಣವೇ?” ಬೆಳಗಿನ ಹೊತ್ತು ಸ್ವಲ್ಪ ಕಾಲ ಕೂತು ಕೊಡುವ ಒಂದೇ ರಕ್ತದ ಮಾದರಿ ಸಾಕು. ಕೆಲವು ಬಿಪಿ ಮಾತ್ರೆಗಳು ಫಲಿತಾಂಶವನ್ನು ಬದಲಿಸುತ್ತವೆ, ಆದ್ದರಿಂದ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ತಿನ್ನುವ ಮಾತ್ರೆಗಳ ಪಟ್ಟಿ ಜೊತೆಗೊಯ್ಯಿರಿ. ಇಲ್ಲಿ ಕೂತಿರುವ ವೈದ್ಯಮಿತ್ರರಿಗೂ ಒಂದು ಮಾತು. ರೋಗಿ ಮನೆತನದಲ್ಲೇ ಇದೆ ಎಂದಾಗ ಯಾರಿಗೆ, ಎಷ್ಟನೇ ವಯಸ್ಸಿಗೆ, ಏನಾಯಿತು ಎಂದು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ಯಾರಿಗೂ ಇಲ್ಲ ಎಂದಾಗಲೂ ಅದೇ ಪರೀಕ್ಷೆ ಬರೆದುಕೊಡಿ.